ಬೇವಿನ ಮರದಿಂದ ಬಾಗಿಲವರೆಗೆ: ಕಲಬುರಗಿ ಬಿಸಿಲಲ್ಲಿ ಕಟ್ಟಿಗೆ ಒಣಗಿಸುವುದು ಹೇಗೆ?

ಮನೆ ಕಟ್ಟಬೇಕೆಂದಾಗ ಹೊಲದ ಬದುವಿನ ಹಳೆಯ ಬೇವು, ಜಾಲಿ ಮರಗಳ ಮೇಲೆ ಕಣ್ಣು ಬೀಳುವುದು ಸಹಜ. ಆಳಂದ, ಸೇಡಂ, ಚಿತ್ತಾಪುರ ಕಡೆ ಇದು ವರ್ಷವೂ ನಡೆಯುತ್ತದೆ. ಮಾರ್ಚ್‌ನಲ್ಲಿ ಮರ ಉರುಳುತ್ತದೆ, ಏಪ್ರಿಲ್‌ನಲ್ಲಿ ಹಲಗೆಯಾಗಿ ಮಾಳಿಗೆಯ ಮೇಲೆ ಬಿಸಿಲಿಗೆ ಬೀಳುತ್ತದೆ, ಜೂನ್‌ನಲ್ಲಿ ಗೃಹಪ್ರವೇಶ. ಶ್ರಾವಣದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ನೂಕಬೇಕಾಗುತ್ತದೆ. ಮುಂದಿನ ಬೇಸಿಗೆಗೆ ಅದೇ ಬಾಗಿಲಿನ ಹಲಗೆಗಳ ನಡುವೆ ಬೀದಿ ಕಾಣುತ್ತದೆ. ಬೈಗುಳವೆಲ್ಲ ಬಡಿಗನಿಗೆ. ಆದರೆ ಕೆಲಸ ಕೆಟ್ಟದ್ದು ಅವನ ಉಳಿಯಿಂದಲ್ಲ, "ಬ್ಯಾಸಿಗ್ಯಾಗ ಬಿಸಲಿಗಿ ಹಾಕ್ರಿ, ತಿಂಗಳದಾಗ ಒಣಗತದ" ಎಂಬ ಸಲಹೆಯಿಂದ. ನಮ್ಮ ಕಡೆ ಕಟ್ಟಿಗೆ ತಾನಾಗಿಯೇ ಒಣಗುತ್ತದೆ. ಅದು ಅವಸರದಲ್ಲಿ ಒಣಗದಂತೆ ಹಿಡಿದಿಡುವುದೇ ನಾವು ಮಾಡಬೇಕಾದ ಕೆಲಸ.

ಅನುಮತಿ

ಮರ ಸ್ವಂತ ಹೊಲದ್ದಾದರೂ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಅನ್ವಯಿಸುತ್ತದೆ. ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ. ನಿಮ್ಮ ಮರ ಆ ಪಟ್ಟಿಯಲ್ಲಿದೆಯೇ, ಸಾಗಿಸಲು ಪಾಸ್ ಬೇಕೇ ಎಂಬುದನ್ನು ಕೊಡಲಿ ಎತ್ತುವ ಮೊದಲೇ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಕಡಿಯುವ ಕಾಲ

ದೀಪಾವಳಿಯಿಂದ ಸಂಕ್ರಾಂತಿಯೊಳಗೆ. ಇದರಲ್ಲಿ ರಾಜಿ ಬೇಡ. ಚಳಿಗಾಲದ ತಂಪಿನಲ್ಲಿ ಹಲಗೆಯ ಮೇಲ್ಮೈ ಮೆಲ್ಲಗೆ ಒಣಗಿ, ಮಾರ್ಚ್‌ನ ಬಿಸಿಗಾಳಿ ಬೀಸುವ ಹೊತ್ತಿಗೆ ಅಪಾಯದ ಘಟ್ಟ ದಾಟಿರುತ್ತದೆ. ಬೇಸಿಗೆಯಲ್ಲೇ ಕಡಿಯಬೇಕಾದ ಅನಿವಾರ್ಯವಿದ್ದರೆ ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ದುಪ್ಪಟ್ಟು.

ಮರ ಬಿದ್ದ ದಿನವೇ ದಿಮ್ಮಿಯ ಎರಡೂ ತುದಿಗೆ ಲೇಪ ಬಳಿಯಿರಿ. ಕಟ್ಟಿಗೆಯ ಉದ್ದಕ್ಕೆ ನೀರು ಹರಿಯುವ ವೇಗ ಅಡ್ಡಕ್ಕಿಂತ ಹತ್ತು–ಹದಿನೈದು ಪಟ್ಟು ಹೆಚ್ಚು. ಹಾಗಾಗಿ ತುದಿ ಎಲ್ಲಕ್ಕಿಂತ ಮೊದಲು ಒಣಗಿ ಸೀಳುತ್ತದೆ, ಆ ಸೀಳು ಒಳಕ್ಕೆ ಓಡುತ್ತದೆ. ಕರಗಿಸಿದ ಮೇಣ ಉತ್ತಮ, ಡಾಂಬರು ನಡೆಯುತ್ತದೆ, ಹಳೆಯ ಆಯಿಲ್ ಪೇಂಟ್ ಮಂದವಾಗಿ ಮೂರು ಕೋಟು ಹೊಡೆದರೂ ಆದೀತು. ಹಿಂದಿನವರು ಸಗಣಿ ಮೆತ್ತುತ್ತಿದ್ದರು. ಏನೂ ಇಲ್ಲದ್ದಕ್ಕಿಂತ ಅದು ವಾಸಿ, ಆದರೆ ನಮ್ಮ ಗಾಳಿಗೆ ಬೇಗ ಬಿರಿದು ಉದುರುತ್ತದೆ. ಗೋಡೆಯ ಡಿಸ್ಟೆಂಪರ್ ಬಳಿದು ಸಮಾಧಾನಪಟ್ಟುಕೊಳ್ಳಬೇಡಿ, ಅದು ನೀರನ್ನು ತಡೆಯುವುದೇ ಇಲ್ಲ.

ಸಾ ಮಿಲ್‌ನಲ್ಲಿ

ದಿಮ್ಮಿಯನ್ನು ಇಡಿಯಾಗಿ ವರ್ಷಗಟ್ಟಲೆ ಒಣಗಲು ಬಿಡಬೇಡಿ. ಒಳಗೆ ಒಣಗುವುದಿಲ್ಲ, ಹೊರಗೆ ಸೀಳುತ್ತದೆ, ತೊಗಟೆಯ ಕೆಳಗೆ ಹುಳು ಮನೆ ಮಾಡುತ್ತದೆ. ಆದಷ್ಟು ಬೇಗ ಕೊರೆಸಿ. ಆನ್‌ಲೈನ್‌ನಲ್ಲಿ ಸಿಗುವ ಚೈನ್ ಸಾ ಚೌಕಟ್ಟು ತರಿಸಿ ಹೊಲದಲ್ಲೇ ಹಲಗೆ ತೆಗೆಯಲು ಹೊರಡುವವರಿದ್ದಾರೆ. ನಾನು ಬೇಡ ಎನ್ನುತ್ತೇನೆ. ಪ್ರತಿ ಕೊಯ್ತಕ್ಕೆ ಎಂಟು–ಹತ್ತು ಮಿಲಿಮೀಟರ್ ಪುಡಿಯಾಗಿ ಹೋಗುತ್ತದೆ, ಜಾಲಿಯ ಗಡಸಿಗೆ ಚೈನ್ ಮೊಂಡಾಗುತ್ತದೆ. ಮಿಲ್ಲಿನ ಬ್ಯಾಂಡ್ ಸಾ ತಿನ್ನುವುದು ಎರಡು–ಮೂರು ಮಿಲಿಮೀಟರ್ ಮಾತ್ರ.

ದನ ಕಟ್ಟಿದ ಮರವಾಗಿದ್ದರೆ ಮೊಳೆ, ತಂತಿ, ಸರಪಳಿಯ ಕೊಂಡಿ ಒಳಗೆ ಬೆಳೆದುಕೊಂಡಿರುತ್ತವೆ. ತೊಗಟೆಯ ಮೇಲೆ ನೀಲಿ-ಕಪ್ಪು ಕಲೆ ಕಂಡ ಕಡೆ ಅಗೆದು ನೋಡಿ, ಮಿಲ್ಲಿನವರಿಗೆ ಮೊದಲೇ ಹೇಳಿ. ಬ್ಲೇಡ್ ತುಂಡಾದರೆ ಪಕ್ಕದಲ್ಲಿ ನಿಂತವರ ಜೀವಕ್ಕೇ ಅಪಾಯ.

ಕೊರೆಸುವಾಗ ನಡುವಿನ ತಿರುಳನ್ನು ಬೇರೆ ತೆಗೆಸಿ. ತಿರುಳಿರುವ ತುಂಡು ಸೀಳದೆ ಉಳಿಯುವುದು ಅಪರೂಪ, ಅದರಿಂದ ಚೌಕಟ್ಟು ಮಾಡಿಸಬಾರದು. ಅಗಲದ ಹಲಗೆಗಳಲ್ಲಿ ಬೆಳವಣಿಗೆಯ ಉಂಗುರಗಳು ಮುಖಕ್ಕೆ ನೆಟ್ಟಗೆ ನಿಂತಿರಲಿ. ಉಂಗುರದ ಗುಂಟ ಕಟ್ಟಿಗೆ ಕುಗ್ಗುವುದು ಉಂಗುರಕ್ಕೆ ಅಡ್ಡವಾಗಿ ಕುಗ್ಗುವುದರ ಸುಮಾರು ಎರಡು ಪಟ್ಟು. ಮಲಗಿದ ಉಂಗುರದ ಹಲಗೆ ತೊಗಟೆಯ ಕಡೆಗೆ ಬಾಗುವುದು ಇದೇ ಕಾರಣಕ್ಕೆ. ಸಿದ್ಧ ಅಳತೆ ಒಂದು ಇಂಚು ಬೇಕಿದ್ದರೆ ಒಂದೂಕಾಲು ಇಂಚು ಕೊರೆಸಿ.

ಹುಳು

ಬೇವಿನ ಚೇಗಿಗೆ, ಅಂದರೆ ಒಳಗಿನ ಕೆಂಪು ಗಟ್ಟಿ ಭಾಗಕ್ಕೆ, ಹುಳು ಅಷ್ಟಾಗಿ ಬರುವುದಿಲ್ಲ. ಹೊರಗಿನ ಬಿಳಿ ಭಾಗಕ್ಕೆ ಖಂಡಿತ ಬರುತ್ತದೆ, ಹಿಟ್ಟಿನಂಥ ಪುಡಿ ಉದುರುವುದು ಅಲ್ಲಿಂದಲೇ. ನೂರು ಲೀಟರ್ ನೀರಿಗೆ ಮೂರು ಕಿಲೋ ಬೋರಾಕ್ಸ್, ಎರಡು ಕಿಲೋ ಬೋರಿಕ್ ಆ್ಯಸಿಡ್ ಕರಗಿಸಿ, ಹಸಿ ಹಲಗೆಗಳನ್ನು ಅದ್ದಿ ತೆಗೆಯಿರಿ. ಸಂದಿಲ್ಲದೆ ಪೇರಿಸಿ ಒಂದು–ಎರಡು ವಾರ ಮುಚ್ಚಿಡಿ, ಮದ್ದು ಒಳಗಿಳಿಯುತ್ತದೆ. ಕೈಗವಸು ಇರಲಿ, ಉಳಿದ ನೀರು ದನದ ದೋಣಿಯ ಹತ್ತಿರ ಸುಳಿಯದಿರಲಿ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ರೂಢಿ ಇಲ್ಲಿ ಬಲವಾಗಿದೆ. ಅದು ಒಳಗಿಳಿಯುವುದಿಲ್ಲ, ವಾಸನೆ ಹೋಗುವುದಿಲ್ಲ, ಮೇಲೆ ಪಾಲಿಶ್ ಹಿಡಿಯುವುದಿಲ್ಲ. ಮನೆಯೊಳಗಿನ ಕಟ್ಟಿಗೆಗೆ ಅದನ್ನು ಮುಟ್ಟಿಸಲೇಬೇಡಿ.

ಪೇರಿಸುವುದು

ಕೆಲಸ ಕೆಡುವುದು ಇಲ್ಲೇ. ಹಸಿ ಕಟ್ಟಿಗೆಯ ಕೋಶಗಳ ಪೊಳ್ಳಿನಲ್ಲೂ ನೀರಿರುತ್ತದೆ, ಗೋಡೆಗಳಲ್ಲೂ ಇರುತ್ತದೆ. ಪೊಳ್ಳಿನ ನೀರು ಹೋಗುವಾಗ ಹಲಗೆ ಕುಗ್ಗುವುದಿಲ್ಲ. ತೇವಾಂಶ ಶೇ 28–30ಕ್ಕೆ ಇಳಿದ ಮೇಲೆ ಗೋಡೆಯ ನೀರು ಹೊರಡುತ್ತದೆ, ಕುಗ್ಗುವುದು ಆಗಿನಿಂದ. ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಒಡ್ಡಿದರೆ ಮೇಲ್ಪದರ ಬಲುಬೇಗ ಆ ಘಟ್ಟಕ್ಕೆ ಬರುತ್ತದೆ, ಒಳಗೆ ಇನ್ನೂ ಹಸಿ. ಮೇಲ್ಪದರ ಕುಗ್ಗಲು ನೋಡುತ್ತದೆ, ಒಳಭಾಗ ಬಿಡುವುದಿಲ್ಲ, ಮುಖ ಬಿರುಕು ಬಿಡುತ್ತದೆ. ಕೆಲವೊಮ್ಮೆ ಮೇಲ್ಪದರ ಎಳೆದ ಸ್ಥಿತಿಯಲ್ಲೇ ಗಟ್ಟಿಯಾಗಿ, ಆಮೇಲೆ ಒಣಗುವ ಒಳಭಾಗ ತನ್ನಷ್ಟಕ್ಕೆ ಹರಿದುಕೊಳ್ಳುತ್ತದೆ. ಹೊರಗಿನಿಂದ ಹಲಗೆ ಚೆನ್ನಾಗಿರುತ್ತದೆ, ಬಡಿಗ ಕೊಯ್ದಾಗ ಒಳಗೆ ಸಾಲು ಸಾಲು ಸೀಳು. ಆ ಕಟ್ಟಿಗೆ ಒಲೆಗೆ ಮಾತ್ರ.

ಆದ್ದರಿಂದ ರಾಶಿಗೆ ನೆರಳಿರಬೇಕು, ಗಾಳಿಯೂ ಆಡಬೇಕು. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಕಲ್ಲು ಜೋಡಿಸಿ. ಎರೆಮಣ್ಣಿನ ನೆಲ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಕಲ್ಲಿನ ಬುಡಕ್ಕೆ ಶಹಾಬಾದ್ ಫರಸಿ (ಚಪ್ಪಟೆ ಹಾಸುಗಲ್ಲು) ಹಾಸುವುದು ಒಳ್ಳೆಯದು. ದಾರ ಹಿಡಿದು ಎಲ್ಲ ಕಲ್ಲು ಒಂದೇ ಮಟ್ಟಕ್ಕೆ ತನ್ನಿ. ಬುಡ ಸೊಟ್ಟಗಿದ್ದರೆ ಹಲಗೆ ಆ ಸೊಟ್ಟಕ್ಕೇ ಒಣಗಿ ನಿಲ್ಲುತ್ತದೆ, ಮುಂದೆ ಯಾವ ಉಪಾಯಕ್ಕೂ ಬಗ್ಗುವುದಿಲ್ಲ.

ಪ್ರತಿ ಪದರದ ನಡುವೆ ಮುಕ್ಕಾಲು ಇಂಚಿನ ಒಣ ಪಟ್ಟಿಗಳನ್ನು ಒಂದೂವರೆ ಅಡಿಗೊಂದರಂತೆ ಅಡ್ಡಲಾಗಿ ಇಡಿ. ಹಸಿ ಪಟ್ಟಿ ಹಲಗೆಗೆ ಕಲೆ ಹಿಡಿಸುತ್ತದೆ. ಮೊದಲ ಮತ್ತು ಕೊನೆಯ ಪಟ್ಟಿ ಹಲಗೆಯ ತುದಿಗೆ ಸರಿಯಾಗಿ ಕೂರಬೇಕು. ಕೆಳಗಿನ ಪದರದ ಪಟ್ಟಿಯ ನೇರಕ್ಕೇ ಮೇಲಿನ ಪಟ್ಟಿ ಬರಬೇಕು. ಪಕ್ಕದಿಂದ ನೋಡಿದರೆ ಪಟ್ಟಿಗಳು ಕಂಬದಂತೆ ನೆಟ್ಟಗಿರಬೇಕು. ಒಂದು ಇಂಚು ಜಾರಿದ್ದರೂ ಬಿಚ್ಚಿ ಮತ್ತೆ ಜೋಡಿಸಿ, ಇಲ್ಲದಿದ್ದರೆ ಮೇಲಿನ ಭಾರಕ್ಕೆ ಹಲಗೆ ಡೊಂಕಾಗುತ್ತದೆ. ರಾಶಿಯ ತಲೆಗೆ ಫರಸಿಗಳ ಭಾರ ಹೇರಿ, ಅದರ ಮೇಲೆ ಒಂದಡಿ ಸಂದು ಬಿಟ್ಟು ತಗಡು ಹೊದಿಸಿ. ಟಾರ್ಪಾಲ್‌ನಲ್ಲಿ ಸುತ್ತಿಟ್ಟರೆ ಬೂಷ್ಟು. ಒದ್ದೆ ಗೋಣಿಚೀಲ ಹೊದಿಸುವುದೂ ತಪ್ಪು, ತಾಗಿದಲ್ಲೆಲ್ಲ ಕಪ್ಪು ಹಿಡಿಯುತ್ತದೆ.

ಬಿಸಿಲು ಏರತೊಡಗಿದಾಗ ಗಾಳಿ ಬರುವ ಕಡೆ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿ. ಆ ಹೊತ್ತಿಗೆ ತೊಗರಿಯ ಒಕ್ಕಣೆ ಮುಗಿದು ಅದರ ಕಟ್ಟಿಗೆ ಹೊಲದಲ್ಲೇ ಬಿದ್ದಿರುತ್ತದೆ. ತಟ್ಟಿ ಗಾಳಿಯ ಹೊಡೆತ ಮುರಿಯುತ್ತದೆ, ಪೂರ್ತಿ ತಡೆಯುವುದಿಲ್ಲ. ನಮಗೆ ಬೇಕಾದ್ದೂ ಅಷ್ಟೇ. ಗೆದ್ದಲು ದಾಟದಂತೆ ಹಲಗೆಯಿಂದ ಒಂದಡಿ ದೂರವಿರಲಿ.

ಒಣಗಿತೇ?

ನವೆಂಬರ್‌ನಲ್ಲಿ ಪೇರಿಸಿದ ಇಂಚು ದಪ್ಪದ ಹಲಗೆಗೆ ಸಾಮಾನ್ಯವಾಗಿ ಐದಾರು ತಿಂಗಳು ಸಾಕು. ಮೂರಿಂಚಿನ ಚೌಕಟ್ಟಿನ ತುಂಡಿಗೆ ವರ್ಷ ದಾಟುತ್ತದೆ. ಅಗ್ಗದ ತೇವಾಂಶ ಮೀಟರ್‌ನ ಮುಳ್ಳು ಮೇಲ್ಮೈಯನ್ನಷ್ಟೇ ಹೇಳುತ್ತದೆ, ನಮ್ಮ ಒಣ ಮೇಲ್ಮೈ ನೋಡಿ ಸುಳ್ಳು ಧೈರ್ಯ ಕೊಡುತ್ತದೆ. ಒಂದು ಹಲಗೆಯನ್ನು ತುದಿಯಿಂದ ಒಂದಡಿ ಒಳಗೆ ಕೊಯ್ದು, ಅಲ್ಲಿಂದ ಇಂಚು ಅಗಲದ ತುಂಡು ತೆಗೆಯಿರಿ. ಅಕ್ಕಸಾಲಿಗರ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಸುಮಾರು 103 ಡಿಗ್ರಿಯ ಓವನ್‌ನಲ್ಲಿಟ್ಟು ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. 112 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ತೇವಾಂಶ ಶೇ 12. ಬಾಗಿಲು-ಕಿಟಕಿಗೆ ಶೇ 10–12 ಸರಿ.

ಕೂಡಿಸುವಾಗ

ಹಲಗೆಗಳನ್ನು ಎರಡು ವಾರ ಮನೆಯೊಳಗೆ, ಪಟ್ಟಿ ಇಟ್ಟೇ ಪೇರಿಸಿ, ಆಮೇಲೆ ಬಡಿಗನಿಗೆ ಕೊಡಿ. ಎಷ್ಟೇ ಒಣಗಿದರೂ ಕಟ್ಟಿಗೆ ಮಳೆಗಾಲದ ತೇವ ಹೀರಿಯೇ ಹೀರುತ್ತದೆ. ಮೇ ತಿಂಗಳಲ್ಲಿ ಕೂಡಿಸಿದ ಎರಡೂವರೆ ಅಡಿಯ ಹಲಗೆ ಬಾಗಿಲು ಆಗಸ್ಟ್‌ಗೆ ಅರ್ಧ ಸೆಂಟಿಮೀಟರ್‌ಗೂ ಹೆಚ್ಚು ಅಗಲವಾಗಬಲ್ಲದು. ಬೇಸಿಗೆಯಲ್ಲಿ ಕೂಡಿಸುವವರು ಸಂದು ಧಾರಾಳವಾಗಿ ಬಿಡಿಸಿ, ಮಳೆಗಾಲದಲ್ಲಾದರೆ ಎರಡು–ಮೂರು ಮಿಲಿಮೀಟರ್ ಸಾಕು. ಪಾಲಿಶ್ ಮಾಡುವವರು ಬಾಗಿಲಿನ ತಳದ ಅಂಚನ್ನು ಬಿಟ್ಟುಬಿಡುತ್ತಾರೆ, ನೆಲ ತೊಳೆದ ನೀರನ್ನೆಲ್ಲ ಅದು ಹೀರುತ್ತದೆ. ಕೀಲು ಜಡಿಯುವ ಮೊದಲೇ, ಬಾಗಿಲು ಇನ್ನೂ ಮಲಗಿರುವಾಗ, ಆ ಅಂಚಿಗೆ ನಿಮ್ಮೆದುರೇ ಎರಡು ಕೋಟು ಹೊಡೆಸಿ.