ಎಂ.ಎಸ್ಸಿ. ಫಿಸಿಕ್ಸ್ ಆದ ಮೇಲೆ ಆರ್‌ಎಸ್‌ಓ ಆಗುವುದು ಹೇಗೆ?

ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿದವರು ಆಗಾಗ ನಮ್ಮ ರೇಡಿಯೊಥೆರಪಿ ವಿಭಾಗಕ್ಕೆ ಬಂದು ಕೇಳುತ್ತಾರೆ, 'ಮೇಡಂ, ಯಾವ ಕೋರ್ಸ್ ಸೇರಲಿ?' ನಾನು ತಿರುಗಿ ಕೇಳುವುದು ಒಂದೇ. ಆ ಕೋರ್ಸ್ ಓದಿದವರನ್ನು ವಿಕಿರಣ ಸುರಕ್ಷತಾ ಅಧಿಕಾರಿ, ಅಂದರೆ ಆರ್‌ಎಸ್‌ಓ, ಅಂತ ಎಇಆರ್‌ಬಿ (ವಿಕಿರಣ ಬಳಕೆಗೆ ನಿಯಮ ಮಾಡುವ ಕೇಂದ್ರದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಒಪ್ಪುತ್ತದಾ? ಇಲ್ಲ ಅಂದ್ರೆ ಸುಮ್ನೆ ಫೀಸು ಕಟ್ಟಬೇಡಿ.

ಆಸ್ಪತ್ರೆ ಕೆಲಸಕ್ಕೆ ಮುಖ್ಯವಾಗಿ ಎರಡು ದಾರಿ. ಎಂ.ಎಸ್ಸಿ. ಫಿಸಿಕ್ಸ್ ಆದ ಮೇಲೆ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ (ಬಿಎಆರ್‌ಸಿ) ಒಂದು ವರ್ಷದ ಕೋರ್ಸ್ ಹೆಸರುವಾಸಿ. ಇಲ್ಲವೇ ನೇರ ಮೆಡಿಕಲ್ ಫಿಸಿಕ್ಸ್ ಎಂ.ಎಸ್ಸಿ. ಆಮೇಲೆ ರೇಡಿಯೊಥೆರಪಿ ವಿಭಾಗದಲ್ಲಿ ಒಂದು ವರ್ಷ ಇಂಟರ್ನ್‌ಶಿಪ್, ನಂತರ ಆರ್‌ಎಸ್‌ಓ ಪರೀಕ್ಷೆ. ಇಂಟರ್ನ್‌ಶಿಪ್ ಎಲ್ಲಿ ಕೊಡಿಸುತ್ತೀರಿ ಅಂತ ಸೇರುವ ಮುಂಚೆಯೇ ಕೇಳಿ. 'ನೋಡೋಣ' ಅಂದರೆ ಎದ್ದು ಬನ್ನಿ. ಲಿನಾಕ್ (ಹೊರಗಿನಿಂದ ವಿಕಿರಣ ಕೊಡುವ ಯಂತ್ರ), ಬ್ರಾಕಿಥೆರಪಿ (ವಿಕಿರಣ ಮೂಲವನ್ನು ಗೆಡ್ಡೆಯ ಹತ್ತಿರವೇ ಇಟ್ಟು ಕೊಡುವ ಚಿಕಿತ್ಸೆ) ಎರಡೂ ಇರುವ ಕಡೆ ಸಿಕ್ಕರೆ ಕಲಿಯುವುದು ಜಾಸ್ತಿ. ಆಸ್ಪತ್ರೆ ಬೇಡ, ಮಣ್ಣು ನೀರಿನ ವಿಕಿರಣ ಅಳೆಯುತ್ತೇನೆ ಅನ್ನುವವರು ಮಂಗಳೂರು ವಿಶ್ವವಿದ್ಯಾಲಯದ ಕಡೆ ನೋಡಿ. ಕೈಗಾ ಅಣು ವಿದ್ಯುತ್ ಸ್ಥಾವರದ ಸುತ್ತಲಿನ ಅಧ್ಯಯನಗಳು ಅಲ್ಲಿ ನಡೆದಿವೆ.

ಲೆಕ್ಕ ಕೈಯಲ್ಲೇ ಮಾಡಿ ಅಭ್ಯಾಸ ಇರಲಿ. ಬ್ರಾಕಿಥೆರಪಿಯಲ್ಲಿ ಬಳಸುವ ಇರಿಡಿಯಂ-192ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕೆ ಇಳಿಯುವ ಕಾಲ, ಸುಮಾರು 74 ದಿನ. ಇವತ್ತು 10 ಕ್ಯೂರಿ ಇದ್ದದ್ದು ಎರಡೂವರೆ ತಿಂಗಳಲ್ಲಿ 5ಕ್ಕೆ ಇಳಿಯುತ್ತೆ, ಅದೇ ಡೋಸ್ ಕೊಡಲು ಹೊತ್ತು ಎರಡರಷ್ಟು ಬೇಕು. ಕಂಪ್ಯೂಟರ್ ಕೊಟ್ಟ ಉತ್ತರ ಸರಿ ಇದೆಯಾ ಅಂತ ಹೇಳಬೇಕಾದವರು ನೀವೇ ಅಲ್ವಾ? ಡೋಸ್ ಮಿತಿಯಲ್ಲೂ ಗೊಂದಲ ಬೇಡ. ಸಿಬ್ಬಂದಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ಬಿದ್ದ ಡೋಸಿನ ಅಳತೆ), ಯಾವುದೇ ಒಂದು ವರ್ಷ 30 ದಾಟುವಂತಿಲ್ಲ. ಸಾರ್ವಜನಿಕರಿಗೆ 1.

ಸಿಬ್ಬಂದಿಗೆ ಬಿದ್ದ ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜನ್ನು ಒಮ್ಮೆ ಬಿಚ್ಚಿ ತೋರಿಸಲು ಕೇಳಿ. ಒಳಗಿನ ಕಾರ್ಡಿನಲ್ಲಿ ಮೂರು ಪುಟ್ಟ ಬಿಲ್ಲೆ. ಒಂದರ ಮೇಲೆ ಲೋಹದ ಫಿಲ್ಟರ್, ಇನ್ನೊಂದರ ಮೇಲೆ ಪ್ಲಾಸ್ಟಿಕ್, ಮೂರನೆಯದು ಖಾಲಿ. ಮೂರೂ ಬೇರೆ ಬೇರೆ ರೀಡಿಂಗ್ ಕೊಡುವುದರಿಂದಲೇ ಬಿದ್ದದ್ದು ಬೀಟಾನೋ ಗಾಮಾನೋ ಎಕ್ಸ್‌-ರೇನೋ ಅಂತ ಗೊತ್ತಾಗುತ್ತದೆ. ಹಾಕಬೇಕಾದ್ದು ಎದೆಯ ಮೇಲೆ, ಸೀಸದ ಏಪ್ರನ್ನಿನ ಒಳಗೆ. ಕೋಟಿನ ಜೊತೆ ಎಕ್ಸ್‌-ರೇ ಕೋಣೆಯಲ್ಲೇ ನೇತುಹಾಕಿ ಹೋದರೆ ಡೋಸ್ ಬೀಳುವುದು ಬ್ಯಾಡ್ಜಿಗೆ, ವರದಿ ಬರುವುದು ಮನುಷ್ಯನ ಹೆಸರಿಗೆ. ಆಗ ಆರ್‌ಎಸ್‌ಓ ಆದವರು, ಬ್ಯಾಡ್ಜ್ ಹಿರಿಯ ಡಾಕ್ಟರದೇ ಆದರೂ, ಅವರ ಮುಂದೆ ನಿಂತು 'ಸರ್, ಬ್ಯಾಡ್ಜ್ ಎಲ್ಲಿಟ್ಟಿದ್ರಿ?' ಅಂತ ಕೇಳಿ, ಉತ್ತರ ಬರೆಸಿಕೊಳ್ಳಬೇಕು. ಇದನ್ನು ಯಾವ ಸಿಲಬಸ್ಸೂ ಕಲಿಸಲ್ಲ. ಇಂಟರ್ನ್ ಆಗಿರುವಾಗಲೇ, ಡೋಸ್ ವರದಿ ಬಂದ ದಿನ ಆರ್‌ಎಸ್‌ಓ ಜೊತೆ ಹೋಗಿ, ಅವರು ಹೇಗೆ ಕೇಳುತ್ತಾರೆ ನೋಡಿಕೊಳ್ಳಿ.