ಹಳೆಯ ಎಲ್‌ಪಿ: ಹೊದಿಕೆ ಬಿಡಿ, ಗೆರೆ ನೋಡಿ

ಬೆಂಗಳೂರು ಚಿಕ್ಕಪೇಟೆಯ ಸಂಡೆ ಬಜಾರಿನಲ್ಲಿ ಎಲ್‌ಪಿ, ಅಂದರೆ ಹಾಡಿನ ಗ್ರಾಮಫೋನ್ ತಟ್ಟೆ, ಕೊಳ್ಳುವವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹೊದಿಕೆಯ ಚಿತ್ರಕ್ಕೆ ಮರುಳಾಗಿ, ಅರ್ಧ ಗಂಟೆ ಚೌಕಾಸಿ ಮಾಡಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಡುತ್ತಾರೆ. ತಟ್ಟೆಯನ್ನು ಹೊರಗೆ ತೆಗೆದು ನೋಡುವವರು ಕಡಿಮೆ. ಮನೆಯಲ್ಲಿ ಮುಳ್ಳು ಇಟ್ಟರೆ ಒಗ್ಗರಣೆಗೆ ಸಾಸಿವೆ ಸಿಡಿದ ಸದ್ದು.

ಮೊದಲು, ಬೆಳಿಗ್ಗೆ ಬೇಗ ಹೋಗಿ. ತಟ್ಟೆ ನೋಡಲು ಮೊಬೈಲ್ ಟಾರ್ಚ್ ಸಾಕು.

ಎರಡನೆಯದೇ ನಿಜವಾದ ಕೆಲಸ. ತಟ್ಟೆಯ ಅಂಚನ್ನು ಎರಡೂ ಅಂಗೈಗಳ ನಡುವೆ ಹಿಡಿದು, ಬೆಳಕು ಓರೆಯಾಗಿ ಬೀಳುವಂತೆ ನಿಧಾನವಾಗಿ ತಿರುಗಿಸಿ. ಕೂದಲೆಳೆಯಂಥ ಗೀರುಗಳಿಗೆ ಹೆದರಬೇಡಿ. ಉಗುರನ್ನು ಹಗುರಾಗಿ ಆಡಿಸಿದಾಗ ತಡೆಯುವ ಗೀರು ಮಾತ್ರ ಕೇಳಿಸಿಯೇ ತೀರುತ್ತದೆ. ಗೀರೇ ಇಲ್ಲದಿದ್ದರೂ ಕಪ್ಪು ಮೈ ಅಲ್ಲಲ್ಲಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ಹಾಡು ಅಡಗಿರುವ ಗೆರೆಗಳೇ ಸವೆದಿವೆ ಎಂದರ್ಥ. ಯಾವ ತೊಳೆತಕ್ಕೂ ಅದು ಸರಿಹೋಗದು. ನಡುವಿನ ತೂತಿನ ಸುತ್ತ ಲೇಬಲ್ ಮೇಲೆ ಸಣ್ಣ ಗೀಚುಗಳು ಒತ್ತಾಗಿದ್ದರೆ ಪ್ಲೇಟು ಬಹಳ ಸಲ ತಿರುಗಿದೆ. ತಟ್ಟೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕಿದೆಯೇ ಎಂದೂ ನೋಡಿ. ಒಮ್ಮೆ ಕನ್ನಡಿಯಂತೆ ಹೊಳೆಯುವುದೊಂದನ್ನು ಕೊಂಡು ತಂದೆ. ಮೂಸಿದರೆ ಕೊಬ್ಬರಿ ಎಣ್ಣೆ!

ಅಂಗಡಿಯಲ್ಲಿ ನುಡಿಸಲು ಬಿಟ್ಟರೆ ಮೊದಲ ಹಾಡು ಹಾಕಿಸಬೇಡಿ, ಕೊನೆಯದನ್ನು ಹಾಕಿಸಿ. ಲೇಬಲ್ ಹತ್ತಿರ ಸುತ್ತು ಚಿಕ್ಕದು, ಮುಳ್ಳಿನ ಕೆಳಗೆ ಗೆರೆ ಸರಿಯುವ ವೇಗವೂ ಕಡಿಮೆ. ಹಾಗಾಗಿ ಸವೆತ ಅಲ್ಲಿ ಬೇಗ ಬಯಲಾಗುತ್ತದೆ. ‘ಸ’, ‘ಶ’ ಅಕ್ಷರಗಳು ಬಿರಿದಂತೆ ಕೇಳಿದರೆ, ಪಿಟೀಲು ತಾರಸ್ಥಾಯಿಯಲ್ಲಿ ಕರ್ಕಶವಾದರೆ ವಾಪಸ್ ಇಟ್ಟುಬಿಡಿ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಸುತ್ತಿಗೆ 1.8 ಸೆಕೆಂಡು. ‘ಟಿಕ್’ ಸದ್ದು ಅದೇ ಲಯದಲ್ಲಿ ಮರಳಿ ಬಂದರೆ ಗೀರು. ಲಯವಿಲ್ಲದೆ ಸಿಡಿದರೆ ಹೆಚ್ಚಾಗಿ ಧೂಳು, ತೊಳೆದರೆ ಹೋದೀತು.

‘180 ಗ್ರಾಂ’ ಎಂಬ ಚೀಟಿ ನೋಡಿ ಹೊಸ ಮುದ್ರಣಕ್ಕೆ ದುಪ್ಪಟ್ಟು ತೆರಬೇಡಿ. ಅದು ತೂಕ, ನಾದವಲ್ಲ. ನಾಯಿ ಮಾರ್ಕಿನ (ಎಚ್‌ಎಂವಿ) ಹಳೆಯ ಶಾಸ್ತ್ರೀಯ ಎಲ್‌ಪಿಗಳಲ್ಲಿ ಲೇಬಲ್ ಮೇಲಿನ ಸಂಖ್ಯೆಗೆ ಮುಂಚೆ ‘ಇಎಎಲ್‌ಪಿ’ ಎಂದಿದ್ದರೆ ಮೋನೋ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ನಾದ; ‘ಇಎಎಸ್‌ಡಿ’ ಎಂದರೆ ಸ್ಟೀರಿಯೋ, ಎಡಕ್ಕೂ ಬಲಕ್ಕೂ ಬೇರೆ ಬೇರೆ. ಹಾಡುಗಾರಿಕೆಗೆ ಸವೆಯದ ಮೋನೋ ಸಿಕ್ಕರೆ ನಾನು ಅದನ್ನೇ ಕೊಳ್ಳುವೆ.

ತೊಳೆಯಲು ಡಿಸ್ಟಿಲ್ಡ್ ನೀರು, ಪಾತ್ರೆ ತೊಳೆಯುವ ದ್ರವ ಒಂದು ತೊಟ್ಟು, ಮೆತ್ತನೆಯ ಮೈಕ್ರೋಫೈಬರ್ ಬಟ್ಟೆ. ಗೆರೆಯ ಗುಂಟವೇ ಒರೆಸಿ, ಅಡ್ಡಡ್ಡ ಉಜ್ಜಬೇಡಿ. ಲೇಬಲ್ ನೆನೆಯಬಾರದು. ಕೊನೆಗೆ ಬರಿಯ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ. ನಿಮಿಷಕ್ಕೆ 78 ಸುತ್ತಿನ ಹಳೆಯ ದಪ್ಪ ಪ್ಲೇಟುಗಳು ಅರಗಿನವು, ಅವಕ್ಕೆ ಸ್ಪಿರಿಟ್ ಸೋಕಿಸಿದರೆ ಮೈ ಕರಗುತ್ತದೆ. ಎಲ್‌ಪಿ ಮುಳ್ಳೂ ಅವಕ್ಕೆ ಹೊಂದದು.

ಇಷ್ಟೆಲ್ಲ ಮಾಡಿ ಸೂಟ್‌ಕೇಸ್ ಆಕಾರದ ಅಗ್ಗದ ಪ್ಲೇಯರ್‌ಗೆ ಹಾಕುವವರಿದ್ದಾರೆ. ಅವುಗಳಲ್ಲಿ ಬಹಳಷ್ಟರ ಮುಳ್ಳು ಗೆರೆಯ ಮೇಲೆ ಬೇಕಾದುದಕ್ಕಿಂತ ಭಾರವಾಗಿ ಕೂರುತ್ತದೆ. ಅಂಥದ್ದು ಮನೆಯಲ್ಲಿದ್ದರೆ ಮೊದಲು ಪ್ಲೇಯರ್ ಬದಲಾಯಿಸಿ, ಆಮೇಲೆ ಚಿಕ್ಕಪೇಟೆಗೆ ಹೋಗಿ.