ಅಣಬೆ ಚೀಲಕ್ಕೆ ಏನು ತುಂಬಿದರೆ ಲಾಭ? ಬೈಹುಲ್ಲು, ಅಡಿಕೆ ಹಾಳೆ, ಸಿಪ್ಪೆ – ನನ್ನ ಅನುಭವ

ಚಿಪ್ಪಣಬೆ ಬೆಳೆಸಲು ಹೊರಟವರೆಲ್ಲ ಮೊದಲು ಕೇಳುವುದು ಬೀಜ ಎಲ್ಲಿ ಸಿಗುತ್ತದೆ ಅಂತ. ಹುಲ್ಲು ಎಲ್ಲಿಯದು, ಯಾವಾಗ ಕೊಯ್ದದ್ದು ಅಂತ ಯಾರೂ ಕೇಳುವುದಿಲ್ಲ. ನನ್ನ ಲೆಕ್ಕದಲ್ಲಿ ಅರ್ಧ ಬೆಳೆ ಅಲ್ಲೇ ನಿರ್ಧಾರ ಆಗಿರುತ್ತದೆ.

ನಮ್ಮದು ಬ್ರಹ್ಮಾವರದ ಹತ್ತಿರ. ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ, ಹತ್ತಾರು ತೆಂಗು. ಚೀಲಕ್ಕೆ ತುಂಬಬಹುದಾದ ಸಾಮಾನು ಮನೆ ಸುತ್ತಲೇ ಬಿದ್ದಿರುತ್ತದೆ, ಹಾಗಾಗಿ ಒಂದೊಂದನ್ನೂ ಹಾಕಿ ನೋಡಿದ್ದೇನೆ.

ಬೈಹುಲ್ಲಿಗೆ ಸಮ ಬೇರೆ ಇಲ್ಲ. ಆದರೆ ಎಲ್ಲ ಬೈಹುಲ್ಲೂ ಒಂದೇ ಅಲ್ಲ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಅದರ ಕೊಯ್ಲಿನ ಹುಲ್ಲು ಅಕ್ಟೋಬರ್ ಮಳೆಗೆ ಸಿಕ್ಕಿ ಗದ್ದೆಯಲ್ಲೇ ನೆನೆದಿರುತ್ತದೆ. ಮೇಲಿಂದ ಒಣಗಿದ ಹಾಗೇ ಕಾಣುತ್ತದೆ, ಕಟ್ಟು ಬಿಚ್ಚಿದರೆ ಒಳಗೆ ಕಪ್ಪು ಕಲೆ, ಮುಗ್ಗಲು ವಾಸನೆ. ಅಣಬೆ ತಿನ್ನಬೇಕಾದದ್ದನ್ನು ಬೇರೆ ಬೂಸ್ಟು ಆಗಲೇ ತಿಂದು ಮುಗಿಸಿರುತ್ತದೆ, ಮತ್ತೆ ಹಂಡೆಯಲ್ಲಿ ಎಷ್ಟು ಕಾಯಿಸಿದರೂ ಚೀಲದಲ್ಲಿ ಹಸಿರು ಬೂಸ್ಟು ಏಳುವುದು ಜಾಸ್ತಿ. ಮಳೆಗಾಲ ಮುಗಿದ ಮೇಲಿನ ಎರಡನೇ ಬೆಳೆ, ಸುಗ್ಗಿಯ ಹುಲ್ಲು ಹಾಗಲ್ಲ. ಹಳದಿ ಬಣ್ಣ, ಮುರಿದರೆ ಚಟ್ ಅನ್ನುತ್ತದೆ. ಅದನ್ನು ಎರಡು ಇಂಚಿಗೆ ಕತ್ತರಿಸಿ, ರಾತ್ರಿ ನೆನೆಸಿ, 80 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು ತೆಗೆದರೆ, ಒಂದು ಕೆಜಿ ಒಣಹುಲ್ಲಿಗೆ ಮೂರು ಕೊಯ್ಲು ಸೇರಿ ಮುಕ್ಕಾಲು ಕೆಜಿ ಹಸಿ ಅಣಬೆಗೆ ಮೋಸ ಇಲ್ಲ.

ನೀರು ಬಸಿದ ಮೇಲೆ ಒಂದು ಹಿಡಿ ಹುಲ್ಲು ತೆಗೆದು ಗಟ್ಟಿಯಾಗಿ ಹಿಂಡಿ ನೋಡಿ. ಅಂಗೈ ಒದ್ದೆ ಆಗಬೇಕು, ಹನಿ ಬೀಳಬಾರದು. ಅದು ಸುಮಾರು 65 ಶೇಕಡಾ ತೇವ. ನಮ್ಮ ಕರಾವಳಿ ಹವೆಯಲ್ಲಿ ಹುಲ್ಲು ಬೇಗ ಆರುವುದಿಲ್ಲ, ಅವಸರ ಮಾಡಿ ತುಂಬಿದರೆ ಚೀಲದ ಬುಡದಲ್ಲಿ ನೀರು ನಿಂತು ಕೊಳೆಯುತ್ತದೆ.

ಇನ್ನು ಅಡಿಕೆ ಹಾಳೆ. ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು (ಸಿಪಿಸಿಆರ್‌ಐ) ತೆಂಗು, ಅಡಿಕೆ ತೋಟದ ಕಸದಲ್ಲಿ ಅಣಬೆ ಬೆಳೆಸುವ ಬಗ್ಗೆ ಕೆಲಸ ಮಾಡಿದ್ದಾರೆ, ಹಾಳೆಯಲ್ಲಿ ಚೆನ್ನಾಗಿಯೇ ಬರುತ್ತದೆ. ಆದರೆ ಹಾಳೆಯ ಮೈ ನುಣುಪು, ನೀರು ಒಳಗೆ ಇಳಿಯಲು ಹುಲ್ಲಿಗಿಂತ ಹೊತ್ತು ಬೇಕು. ಚೂರುಗಳ ನಡುವೆ ಸಂದು ಉಳಿಯುತ್ತದೆ, ಒತ್ತಿ ಒತ್ತಿ ತುಂಬಬೇಕು, ಇಲ್ಲದಿದ್ದರೆ ಅಣಬೆಯ ಬೇರಿನಂಥ ಬಿಳಿ ಬಲೆ ಹಬ್ಬುವುದು ನಿಧಾನ. ತುತ್ತ-ಸುಣ್ಣದ ಔಷಧಿ ಬಿದ್ದು ನೀಲಿ ಕಲೆ ಇರುವ ಹಾಳೆ ನಾನು ಮುಟ್ಟುವುದಿಲ್ಲ. ಅದು ಶಿಲೀಂಧ್ರ ಕೊಲ್ಲಲೆಂದೇ ಹೊಡೆಯುವ ಔಷಧಿ, ಅಣಬೆಯೂ ಶಿಲೀಂಧ್ರವೇ ಅಲ್ವಾ?

ಅಡಿಕೆ ಸಿಪ್ಪೆ ಸುಮ್ನೆ ಸಿಗುತ್ತದೆ ಅಂತ ಆಸೆ ಪಡಬೇಡಿ. ನಾರು ಗಟ್ಟಿ, ಅಣಬೆ ಅದನ್ನು ಕರಗಿಸುವಷ್ಟರಲ್ಲಿ ಹುಲ್ಲಿನ ಚೀಲ ಎರಡು ಕೊಯ್ಲು ಕೊಟ್ಟಿರುತ್ತದೆ. ತೆಂಗಿನ ನಾರಿನ ಹುಡಿಯದ್ದು ಬೇರೆ ಕಷ್ಟ, ನೀರು ಹಿಡಿದುಕೊಂಡು ಮುದ್ದೆ ಆಗುತ್ತದೆ, ಗಾಳಿ ಆಡುವುದಿಲ್ಲ. ಈ ಎರಡರಲ್ಲಿ ಯಾವುದನ್ನಾದರೂ ಹಾಕಲೇಬೇಕೆಂದಿದ್ದರೆ ಹುಲ್ಲಿನ ಜೊತೆ ಕಾಲು ಭಾಗ, ಅಷ್ಟೆ.

ತವುಡು ಬೆರೆಸಿದರೆ ಸಾರಜನಕ ಸಿಕ್ಕಿ ಇಳುವರಿ ಏರುವುದು ನಿಜ. ಏಪ್ರಿಲ್, ಮೇ ಸೆಖೆಯಲ್ಲಿ ಮಾತ್ರ ಬೇಡ. ಚೀಲ ಒಳಗೊಳಗೇ ಬಿಸಿಯಾಗುತ್ತದೆ, ಬೂಸ್ಟಿಗೂ ಅದೇ ಹಬ್ಬ.

ಜೂನ್, ಜುಲೈಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ, ಮೀನಿಗೆ ಬೆಂಕಿ ರೇಟು, ಆಗ ಅಣಬೆ ಕೇಳಿಕೊಂಡು ಮನೆಗೇ ಬರುತ್ತಾರೆ. ಸರಿಯಾಗಿ ಆ ಹೊತ್ತಿಗೇ ಒಣಹುಲ್ಲು ಸಿಗುವುದಿಲ್ಲ. ಘಟ್ಟದ ಮೇಲಿಂದ ಲಾರಿಯಲ್ಲಿ ಬಂದರೂ ದುಬಾರಿ, ದಾರಿಯಲ್ಲಿ ನೆನೆದಿರುವುದೂ ಉಂಟು. ಅದಕ್ಕೆ ಸುಗ್ಗಿ ಹುಲ್ಲನ್ನು ನೆಲಕ್ಕೆ ತಾಗದ ಹಾಗೆ ಅಟ್ಟದಲ್ಲಿ ಪೇರಿಸಿಟ್ಟು, ಬೇಸಿಗೆಯಲ್ಲಿ ಬಿದ್ದ ಹಾಳೆಯನ್ನು ಆಗಲೇ ಕತ್ತರಿಸಿ ಗೋಣಿಗೆ ತುಂಬಿಡುತ್ತೇನೆ. ಮಳೆಗಾಲದಲ್ಲಿ ಎರಡನ್ನೂ ಅರ್ಧರ್ಧ ಬೆರೆಸುವುದು. ಬರೀ ಹುಲ್ಲಿನಷ್ಟು ತೂಕ ಬರುವುದಿಲ್ಲ, ಆದರೆ ಆ ತಿಂಗಳ ರೇಟಿಗೆ ಧಾರಾಳ ಸಾಕು.